ಗಾಡಿ ಪೇಂಟಿನ ಮೇಲೆ ಕೂತ ಹಳೇ ವ್ಯಾಕ್ಸ್ ತೆಗೆಯುವುದು ಹೇಗೆ? ಕೋಲಾರದ ನೀರು, ಧೂಳಿಗೆ ತಕ್ಕ ಸಮಗ್ರ ಮಾರ್ಗದರ್ಶಿ

ಕಪ್ಪು, ಕೆಂಪು, ಕಡುನೀಲಿ ಗಾಡಿ ಇಟ್ಟುಕೊಂಡವರಿಗೆ ಈ ಕಾಟ ಜಾಸ್ತಿ. ಬಾನೆಟ್ ಮೇಲೆ ಒಂದು ಮಬ್ಬು ಪದರ. ಡೋರ್ ಹ್ಯಾಂಡಲ್ ಸುತ್ತ, ಡಿಕ್ಕಿ ಮೇಲಿನ ಅಕ್ಷರಗಳ ಸಂದಿಯಲ್ಲಿ, ಕಪ್ಪು ಪ್ಲಾಸ್ಟಿಕ್ ಪಟ್ಟಿಯ ಅಂಚಿನಲ್ಲಿ ಬಿಳಿ ಪುಡಿ. ನೀರು ಹಾಕಿದಾಗ ಮಾಯ, ಒಣಗಿದ ಮೇಲೆ ಮತ್ತೆ ಹಾಜರ್. ಆಯುಧಪೂಜೆ ಹಿಂದಿನ ದಿನ ಹೊಳಪಿಗೆ ಅಂತ ಅವಸರದಲ್ಲಿ ವ್ಯಾಕ್ಸ್ ಹಚ್ಚಿ, ಅರ್ಧಂಬರ್ಧ ಒರೆಸಿ, ಮುಂದಿನ ವರ್ಷ ಅದರ ಮೇಲೇ ಇನ್ನೊಂದು ಕೈ ಹಚ್ಚಿದ ಗಾಡಿಗಳಲ್ಲಿ ಇದು ಮಾಮೂಲು.

ತೆಗೆಯುವುದು ಕಷ್ಟ ಏನಲ್ಲ. ಮನೆ ಮುಂದೆಯೇ ಅರ್ಧ ದಿನದಲ್ಲಿ ಮುಗಿಯುತ್ತದೆ. ಆದರೆ ಮೊದಲು ವ್ಯಾಕ್ಸನ್ನು ಮೆತ್ತಗೆ ಮಾಡಬೇಕು, ಆಮೇಲೆ ಒರೆಸಬೇಕು. ಒಣ ಬಟ್ಟೆ ಹಿಡಿದು ಬಲ ಹಾಕಿ ತಿಕ್ಕಿದರೆ ವ್ಯಾಕ್ಸಿನೊಳಗೆ ಕೂತಿರುವ ಧೂಳೇ ಪೇಂಟನ್ನು ಗೀರುತ್ತದೆ. ನಮ್ಮ ಕಡೆ ಧೂಳು ಅಂದರೆ ಬರೀ ಕೆಮ್ಮಣ್ಣಲ್ಲ. ಕಲ್ಲು ಕ್ರಷರ್ ಪುಡಿ ಇದೆ, ಮಾಲೂರು ಕಡೆ ಓಡಾಡಿದರೆ ಇಟ್ಟಿಗೆ ಪುಡಿ ಇದೆ. ಗ್ರಾನೈಟ್ ಪುಡಿಯಲ್ಲಿರುವ ಕ್ವಾರ್ಟ್ಜ್ ಹರಳು ಪೇಂಟಿಗಿಂತ ಎಷ್ಟೋ ಗಟ್ಟಿ.

ಪೇಂಟ್ ಎಷ್ಟು ತೆಳು ಅಂತಲೂ ಗೊತ್ತಿರಲಿ. ಈಗಿನ ಕಾರುಗಳಲ್ಲಿ ಪ್ರೈಮರ್, ಬಣ್ಣ, ಮೇಲಿನ ಬಣ್ಣವಿಲ್ಲದ ಪದರವಾದ ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ಅಂದರೆ ದಿನಪತ್ರಿಕೆಯ ಹಾಳೆಗಿಂತಲೂ ತೆಳು. ಹೊಳಪು, ಬಿಸಿಲಿನಿಂದ ರಕ್ಷಣೆ ಎರಡೂ ಆ ಪದರದ್ದೇ. ಅದು ಒಮ್ಮೆ ಹೋದರೆ ತೊಳೆದು, ತಿಕ್ಕಿ ವಾಪಸ್ ತರಲು ಆಗಲ್ಲ.

ಅದು ವ್ಯಾಕ್ಸೇನಾ ಅಂತ ಮೊದಲು ನೋಡಿ

ಕೋಲಾರ, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲೇ ಹೋಗಿ, ಗಾಡಿ ತೊಳೆಯೋದು ಹೆಚ್ಚಾಗಿ ಬೋರ್‌ವೆಲ್ ನೀರಲ್ಲಿ. ವರ್ಷವಿಡೀ ಹರಿಯುವ ನದಿ ಜಿಲ್ಲೆಗೆ ಇಲ್ಲ, ಆಳದಿಂದ ಎತ್ತಿದ ಗಡಸು ನೀರೇ ಗತಿ. ಆ ನೀರು ಪೇಂಟಿನ ಮೇಲೆ ಒಣಗಿದರೆ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಷಿಯಂ ಉಪ್ಪು ಬಿಳಿ ಕಲೆಯಾಗಿ ಉಳಿಯುತ್ತದೆ. ಇಲ್ಲಿನ ನೀರು ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಫ್ಲೋರೈಡ್. ಅದು ಹಲ್ಲು, ಮೂಳೆಗೆ ಶತ್ರು. ಪೇಂಟಿನ ಮಟ್ಟಿಗೆ ತೊಂದರೆ ಕೊಡೋದು ಗಡಸುತನ. ಹಾಗಾಗಿ ‘ವ್ಯಾಕ್ಸ್ ಕಲೆ’ ಅಂತ ಜನ ತಿಕ್ಕುವುದರಲ್ಲಿ ಎಷ್ಟೋ ನೀರಿನ ಕಲೆಯೇ ಆಗಿರುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ.

ನೀರಿನ ಕಲೆ ದುಂಡಗೆ, ಹನಿಯ ಆಕಾರದಲ್ಲಿರುತ್ತದೆ. ಅಂಚು ದಪ್ಪ, ನಡುವೆ ತೆಳು, ಚಿಕ್ಕ ಬಳೆಯ ಹಾಗೆ. ವ್ಯಾಕ್ಸಿನ ಉಳಿಕೆ ಕೈ ಆಡಿಸಿದ ಗುರುತಿನಲ್ಲೇ ಇರುತ್ತದೆ: ಸುತ್ತು ಸುತ್ತು, ಅಡ್ಡಾದಿಡ್ಡಿ, ಇಲ್ಲವೇ ಸಂದಿಯಲ್ಲಿ ಗಟ್ಟಿಯಾದ ಪುಡಿ. ಬೆರಳು ಎಳೆದರೆ ಗುರುತು ಮೂಡುತ್ತದೆ, ಬೆರಳಿಗೆ ಸ್ವಲ್ಪ ಜಿಡ್ಡು ಅಂಟುತ್ತದೆ.

ಆದರೂ ಅನುಮಾನವಾ? ಅಡುಗೆಗೆ, ಗೋಬಿ ಮಂಚೂರಿಗೆ ಬಳಸುವ ಬಿಳಿ ವಿನೆಗರ್ ತಗೊಳ್ಳಿ. ಅಷ್ಟೇ ನೀರು ಬೆರೆಸಿ. ಬಟ್ಟೆ ಒದ್ದೆ ಮಾಡಿ ತಣ್ಣಗಿರುವ ಪೇಂಟಿನ ಮೇಲೆ ಒಂದು ನಿಮಿಷ ಇಡಿ, ಒರೆಸಿ, ತಕ್ಷಣ ನೀರು ಹಾಕಿ. ಕಲೆ ಹೋಯಿತಾ? ಹಾಗಾದರೆ ಅದು ನೀರಿನದ್ದು. ಮಿಕ್ಕ ಕಡೆಯೂ ಅದನ್ನೇ ಮಾಡಿ, ಕೆಳಗಿನ ಯಾವುದೂ ಬೇಡ. ಹೋಗದೆ ಹಾಗೇ ಇದ್ದರೆ ವ್ಯಾಕ್ಸ್ ಇರಬಹುದು.

ಇನ್ನೆರಡು ಸಾಧ್ಯತೆ ಇದೆ. ಟಾಪ್ ಮೇಲೆ, ಬಾನೆಟ್ ಮೇಲೆ ಬಿಳಿ ತೇಪೆ ಬಂದು ಅಂಚು ಸಿಪ್ಪೆ ಏಳುತ್ತಿದ್ದರೆ ಅದು ಕ್ಲಿಯರ್ ಕೋಟ್ ಸತ್ತಿರುವುದು. ಅದಕ್ಕೆ ಪೇಂಟಿಂಗೇ ದಾರಿ. ಒರೆಸುವಾಗ ಬಟ್ಟೆಗೆ ಗಾಡಿಯ ಬಣ್ಣವೇ ಬಂದರೆ ಅದು ಕ್ಲಿಯರ್ ಕೋಟ್ ಇಲ್ಲದ ಹಳೇ ಮಾದರಿ ಪೇಂಟ್, ಅಥವಾ ಮೇಲಿನ ಪದರ ಆಗಲೇ ಹೋಗಿದೆ. ಅಂಥ ಕಡೆ ಕೈ ಇನ್ನೂ ಹಗುರ ಇರಲಿ. ಸೆರಾಮಿಕ್ ಕೋಟಿಂಗ್ ಮಾಡಿಸಿ ಅದರಲ್ಲಿ ತೇಪೆ ಕಂಡಿದ್ದರೆ ಮಾಡಿದವರ ಹತ್ತಿರವೇ ವಾಪಸ್ ಹೋಗಿ. ಅದು ಶಾಂಪೂಗೆ, ಸ್ಪಿರಿಟ್‌ಗೆ ಬಗ್ಗುವ ವಸ್ತುವಲ್ಲ. ಪಾಲಿಶ್ ಮೆಷಿನ್ ಹಾಕಿಯೇ ತೆಗೆಯಬೇಕು.

ಹತ್ತಿರ ಸೇರಿಸಬಾರದವು

ವಾಟರ್ ವಾಶ್‌ನಲ್ಲಿ ಕೆಲಸ ಮಾಡುವ ಹುಡುಗರು ಹೇಳುವ ಮಾತು ಒಂದಿದೆ: “ಅಣ್ಣಾ, ಡೀಸೆಲ್ ಬಟ್ಟೆ ಹಾಕಿ ಎಳೆದ್ರೆ ಫಳಫಳ ಅಂತದೆ.” ಅನ್ನುವುದೇನೋ ನಿಜ. ಅದು ಎಣ್ಣೆಯ ಹೊಳಪು. ಪೇಂಟಿನ ಮೇಲೆ ಜಿಡ್ಡು ಕೂರುತ್ತದೆ, ಸಂಜೆಯೊಳಗೆ ಹೈವೇ ಧೂಳೆಲ್ಲ ಅದಕ್ಕೆ ಅಂಟಿರುತ್ತದೆ. ಸೀಮೆಎಣ್ಣೆಯದ್ದೂ ಇದೇ ಕಥೆ. ಪೆಟ್ರೋಲ್ ಅಂತೂ ಬೆಂಕಿಯ ಜೊತೆ ಆಟ, ಅದನ್ನು ಬಟ್ಟೆಗೆ ಸುರಿಯುವ ಯೋಚನೆಯೇ ಬೇಡ.

ಥಿನ್ನರ್ ಬೇಡವೇ ಬೇಡ. ಟಿಂಕರಿಂಗ್ ಶೆಡ್‌ನಲ್ಲಿ ಎಂದೋ ಒಂದು ಡೋರ್ ಪೇಂಟ್ ಮಾಡಿಸಿದ್ದರೆ, ಥಿನ್ನರ್ ಬಟ್ಟೆ ಒಂದು ಸಲ ಎಳೆದರೆ ಸಾಕು, ಪೇಂಟೇ ಮೆತ್ತಗಾಗಿ ಬಟ್ಟೆಗೆ ಬರುತ್ತದೆ. ಪಾತ್ರೆ ತಿಕ್ಕುವ ಸೋಪಿನ ಬಿಲ್ಲೆ, ಸ್ಕ್ರಬ್ಬರ್, ಬಟ್ಟೆ ಸೋಪಿನ ಪುಡಿ, ಅಡುಗೆ ಸೋಡಾ, ಟೂತ್‌ಪೇಸ್ಟ್ ಇವೆಲ್ಲದರಲ್ಲೂ ಗೀರುವ ಕಣಗಳಿರುತ್ತವೆ. ರಬ್ಬಿಂಗ್ ಕಾಂಪೌಂಡ್ ವ್ಯಾಕ್ಸನ್ನು ತೆಗೆಯುತ್ತದೆ ನಿಜ, ಜೊತೆಗೆ ಕ್ಲಿಯರ್ ಕೋಟನ್ನೂ ಸವೆಸುತ್ತದೆ. ಬರೀ ವ್ಯಾಕ್ಸ್ ಹೋಗಬೇಕು ಅಂದರೆ ಅದರ ಅಗತ್ಯವೇ ಇಲ್ಲ.

ಪಾತ್ರೆ ತೊಳೆಯುವ ಲಿಕ್ವಿಡ್ ಬಗ್ಗೆ ತುಂಬ ಜನ ಕೇಳುತ್ತಾರೆ. ಒಂದು ಸಲ, ಒಂದು ಬಕೆಟ್‌ಗೆ ಒಂದು ಮುಚ್ಚಳ ಹಾಕಿ ತೊಳೆದರೆ ಗಾಡಿಗೆ ಏನೂ ಆಗಲ್ಲ. ಮೆತ್ತನೆಯ ಹಳೇ ವ್ಯಾಕ್ಸ್ ಸ್ವಲ್ಪ ಹೋಗುತ್ತದೆ ಕೂಡ. ಆದರೆ ವ್ಯಾಕ್ಸಿನ ಬದಲು ಹಚ್ಚುವ ಕೃತಕ ರಕ್ಷಣಾ ಪದರ, ಅಂದರೆ ಸಿಂಥೆಟಿಕ್ ಸೀಲೆಂಟ್ ಇದ್ದರೆ ಅದು ಅಲ್ಲಾಡುವುದೂ ಇಲ್ಲ. ವಾರವಾರ ಅದನ್ನೇ ಬಳಸಿದರೆ ರಬ್ಬರ್ ಬೀಡಿಂಗ್ ಒಣಗಬಹುದು. ಕಾರ್ ಶಾಂಪೂ ಸಿಗುವಾಗ ಇದರ ಹಿಂದೆ ಬೀಳುವುದು ಸುಮ್ನೆ.

ಬೇಕಾಗುವ ಸಾಮಾನು

ಎರಡು ಬಕೆಟ್. ಕಾರ್ ಶಾಂಪೂ. ಮೈಕ್ರೋಫೈಬರ್ ಕೈಗವಸು ಅಥವಾ ಮೆತ್ತನೆಯ ಸ್ಪಂಜು. 300ರಿಂದ 400 ಜಿಎಸ್‌ಎಂನ (ಒಂದು ಚದರ ಮೀಟರ್ ಬಟ್ಟೆ ಇಷ್ಟು ಗ್ರಾಂ ತೂಗುತ್ತದೆ ಅಂತ) ಮೈಕ್ರೋಫೈಬರ್ ಬಟ್ಟೆ ಆರೇಳು. ಹಳೇ ಬನಿಯನ್, ಗ್ಯಾರೇಜಿನ ವೇಸ್ಟ್ ಬಟ್ಟೆ ಬೇಡ, ಅದರ ಹೊಲಿಗೆಯೇ ಗೀರು ಹಾಕುತ್ತದೆ. ಎರಡು ಸ್ಪ್ರೇ ಬಾಟಲಿ, ಮೆತ್ತನೆಯ ಟೂತ್‌ಬ್ರಶ್, ಆಲ್ ಪರ್ಪಸ್ ಕ್ಲೀನರ್, ಡೀಟೇಲಿಂಗ್ ಕ್ಲೇ (ಪೇಂಟಿಗೆ ಅಂಟಿದ ಕೊಳೆ ಎತ್ತುವ ಮೆತ್ತನೆಯ ಮುದ್ದೆ), ರಬ್ಬರ್ ಗ್ಲೌಸ್.

ಐಸೊಪ್ರೊಪೈಲ್ ಆಲ್ಕೋಹಾಲ್ ಮೆಡಿಕಲ್ ಶಾಪ್‌ನಲ್ಲಿ 70% ಸಿಗುತ್ತದೆ, ಕೆಮಿಕಲ್ ಅಂಗಡಿಯಲ್ಲಿ 99%. 70% ಆದರೆ ಒಂದು ಪಾಲಿಗೆ ಮೂರು ಪಾಲು ನೀರು. 99% ಆದರೆ ಒಂದಕ್ಕೆ ಐದು. ಎರಡರಲ್ಲೂ ಕೊನೆಗೆ ಸಿಗುವುದು ಸುಮಾರು 17%ನ ದ್ರಾವಣ, ಅಷ್ಟು ಸಾಕು. ಹೆಚ್ಚು ಗಟ್ಟಿ ಇದ್ದರೆ ಹೆಚ್ಚು ಒಳ್ಳೆಯದು ಅಂತಲ್ಲ. ಗಟ್ಟಿ ಆಲ್ಕೋಹಾಲ್ ಹೊಸ ಪೇಂಟನ್ನು ಮೆತ್ತಗೆ ಮಾಡಬಲ್ಲದು. ಸರ್ಜಿಕಲ್ ಸ್ಪಿರಿಟ್ ಬೇಡ, ಕೆಲವುದರಲ್ಲಿ ಹರಳೆಣ್ಣೆ ಸೇರಿರುತ್ತದೆ. ಕೋವಿಡ್ ಕಾಲದ ಸ್ಯಾನಿಟೈಸರ್ ಮನೆಯಲ್ಲಿ ಮಿಕ್ಕಿದೆ ಅಂತ ಅದನ್ನೂ ಬಳಸಬೇಡಿ. ಅದರಲ್ಲಿ ಗ್ಲಿಸರಿನ್ ಇರುತ್ತದೆ, ಒರೆಸಿದಷ್ಟೂ ಗೆರೆ ಬೀಳುತ್ತದೆ.

ಹಟಮಾರಿ ಕಲೆಗೆ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್, ಎಂಟಿಓ ಅಂತಾರಲ್ಲ, ಅದು ಸ್ವಲ್ಪ. ‘ಪೇಂಟ್‌ಗೆ ಬೆರೆಸೋದು ಕೊಡಿ’ ಅಂದರೆ ಥಿನ್ನರ್ ಕೊಟ್ಟುಬಿಡಬಹುದು. ಹೆಸರು ಹೇಳಿ ಕೇಳಿ, ಡಬ್ಬಿ ಮೇಲೆ ಓದಿ ತಗೊಳ್ಳಿ.

ಇನ್ನು ನೀರು. ಮೊದಲ ತೊಳೆತಕ್ಕೆ ಬೋರ್‌ವೆಲ್ ನೀರು ಪರವಾಗಿಲ್ಲ. ಕೊನೆಯ ಜಾಲಿಸುವಿಕೆಗೆ, ಆಲ್ಕೋಹಾಲ್ ಬೆರೆಸುವುದಕ್ಕೆ ಮಾತ್ರ ಶುದ್ಧ ನೀರಿನ ಘಟಕದಿಂದ ತಂದ ಒಂದು ಕ್ಯಾನ್ ಎತ್ತಿಡಿ. ಹಿಡಿದಿಟ್ಟ ಮಳೆನೀರು ಇದ್ದರೆ ಇನ್ನೂ ಒಳ್ಳೆಯದು. ಮನೆಯ ಆರ್‌ಓ ಮೆಷಿನ್ ಹೊರಗೆ ಬಿಡುವ ನೀರನ್ನು ನಮ್ಮಲ್ಲಿ ತುಂಬ ಮನೆಗಳಲ್ಲಿ ಹಿಡಿದಿಡುತ್ತಾರೆ. ನೀರಿನ ಬೆಲೆ ಗೊತ್ತಿರುವ ಊರು, ಹಿಡಿಯಲೇಬೇಕು. ಆದರೆ ಅದರಲ್ಲಿ ಉಪ್ಪಿನ ಅಂಶ ಮಾಮೂಲಿ ನೀರಿಗಿಂತ ಜಾಸ್ತಿ. ಚಕ್ರ, ಮಡ್‌ಗಾರ್ಡ್ ಒಳಗಿನ ಮಣ್ಣು ಬಿಡಿಸಲು ಇಟ್ಟುಕೊಳ್ಳಿ, ಪೇಂಟ್ ಮೇಲೆ ಬೇಡ.

ಕೆಲಸ ಶುರು

1. ಜಾಗ, ಹೊತ್ತು. ಬೆಳಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಬಿಸಿಲು ಇಳಿದ ಮೇಲೆ. ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗೆ ಅನ್ನಿಸಬೇಕು. ಬಿಸಿ ತಗಡಿನ ಮೇಲೆ ಯಾವುದನ್ನು ಹಾಕಿದರೂ ಅರ್ಧ ನಿಮಿಷದಲ್ಲಿ ಒಣಗಿ ಹೊಸ ಕಲೆಯಾಗುತ್ತದೆ. ನೆರಳು ಅಂದರೆ ಕಟ್ಟಡದ ನೆರಳು. ಹೊಂಗೆ ಮರದ ಕೆಳಗೆ ನಿಲ್ಲಿಸಿದರೆ ಹೂವು, ಹಕ್ಕಿ ಹಿಕ್ಕೆ ಎರಡೂ ಬೋನಸ್. ಆಷಾಢದ ಗಾಳಿ ಬೀಸುತ್ತಿದ್ದರೆ ಆ ದಿನ ಬಿಟ್ಟುಬಿಡಿ.

2. ಧೂಳು ಇಳಿಸಿ. ಮುಟ್ಟದೆ, ಬರೀ ನೀರಲ್ಲಿ. ಮೇಲಿಂದ ಕೆಳಕ್ಕೆ. ಪೈಪ್ ಇಲ್ಲದಿದ್ದರೆ ಮಗ್‌ನಲ್ಲೇ ಸುರಿಯಿರಿ, ಆದರೆ ಧಾರಾಳವಾಗಿ. ಕೈ ಹಾಕುವ ಮುಂಚೆ ಹರಳು ಇಳಿದಿರಬೇಕು.

3. ತೊಳೆಯಿರಿ. ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಕೈಗವಸು ಶಾಂಪೂಗೆ ಅದ್ದಿ ಒಂದು ಭಾಗ ಒರೆಸಿ, ಬರೀ ನೀರಲ್ಲಿ ಜಾಲಿಸಿ, ಮತ್ತೆ ಶಾಂಪೂಗೆ. ಮುಗಿದ ಮೇಲೆ ಎರಡನೇ ಬಕೆಟ್‌ನ ತಳ ನೋಡಿ. ಕೆಂಪು ಮರಳು ಕೂತಿರುತ್ತದೆ. ಒಂದೇ ಬಕೆಟ್ ಆಗಿದ್ದರೆ ಅದೆಲ್ಲ ವಾಪಸ್ ಬಾನೆಟ್ ಮೇಲೆ ಓಡಾಡುತ್ತಿತ್ತು. ಟಾಪ್, ಗಾಜು, ಬಾನೆಟ್ ಮೊದಲು. ಬಾಗಿಲಿನ ಕೆಳಭಾಗ, ಬಂಪರ್ ಕೊನೆಗೆ.

4. ಕ್ಲೀನರ್ ಸಿಂಪಡಿಸಿ. ಆಲ್ ಪರ್ಪಸ್ ಕ್ಲೀನರ್ ಒಂದು ಪಾಲು, ನೀರು ಹತ್ತು ಪಾಲು. ಡಬ್ಬಿಯಲ್ಲಿ ಬೇರೆ ಅಳತೆ ಹೇಳಿದ್ದರೆ ಅದೇ ಸರಿ. ಕಿತ್ತಳೆ ಸಿಪ್ಪೆಯ ಅಂಶವಿರುವ ಸಿಟ್ರಸ್ ಕ್ಲೀನರ್ ಸಿಕ್ಕರೆ ಅದು ವ್ಯಾಕ್ಸಿಗೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಒದ್ದೆ ಗಾಡಿಯ ಮೇಲೆ ಒಂದೊಂದೇ ಭಾಗಕ್ಕೆ ಹೊಡೆದು ಎರಡು ಮೂರು ನಿಮಿಷ ಬಿಡಿ. ಒಣಗಲು ಬಿಡಬೇಡಿ. ಕೈಗವಸಿನಲ್ಲಿ ಹಗುರವಾಗಿ ಒರೆಸಿ, ತೊಳೆದುಬಿಡಿ.

ಈಗ ನೀರು ಹೇಗೆ ಹರಿಯುತ್ತೆ ನೋಡಿ. ವ್ಯಾಕ್ಸ್ ಇರುವ ಕಡೆ ನೀರು ಗೋಲಿ ಗೋಲಿಯಾಗಿ ನಿಲ್ಲುತ್ತದೆ. ಇಲ್ಲದ ಕಡೆ ಹಾಳೆಯಾಗಿ ಹರಡಿ ನಿಧಾನ ಇಳಿಯುತ್ತದೆ. ಇಡೀ ಬಾನೆಟ್ ಒಂದೇ ಸಮ ಹರಡಿದರೆ ಅರ್ಧಕ್ಕರ್ಧ ಕೆಲಸ ಮುಗಿದ ಹಾಗೆ. ಅಲ್ಲಲ್ಲಿ ಗೋಲಿ ಕಂಡರೆ ಅಲ್ಲಿ ಇನ್ನೂ ಇದೆ. ತೊಳೆಯುವ ಮುಂಚೆ ಈ ಪರೀಕ್ಷೆ ಮಾಡಿದರೆ ಪ್ರಯೋಜನ ಇಲ್ಲ; ವ್ಯಾಕ್ಸ್ ಮೇಲೆ ಧೂಳು ಕೂತಿದ್ದರೂ ನೀರು ಗೋಲಿ ಕಟ್ಟಲ್ಲ.

5. ಆಲ್ಕೋಹಾಲ್ ಒರೆತ. ಗಾಡಿ ಒಣಗಿಸಿ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎರಡೂ ಬದಿ ಸೇರಿ ಎಂಟು ಮುಖ ಸಿಗುತ್ತದೆ. ಒಂದೂವರೆ ಎರಡು ಅಡಿ ಜಾಗಕ್ಕೆ ದ್ರಾವಣ ಸಿಂಪಡಿಸಿ, ಕೆಲ ಸೆಕೆಂಡು ಬಿಟ್ಟು, ಉದ್ದಕ್ಕೆ ಒರೆಸಿ. ಸುತ್ತು ಹಾಕಬೇಡಿ. ಇನ್ನೊಂದು ಒಣ ಬಟ್ಟೆ ಹಿಂದೆಯೇ ಬರಲಿ. ಬಟ್ಟೆಯ ಮುಖ ಮಸುಕಾದ ತಕ್ಷಣ ಮಗುಚಿ. ಅದೇ ಮುಖದಲ್ಲಿ ಮುಂದುವರಿಸಿದರೆ ಇಲ್ಲಿಂದ ತೆಗೆದ ವ್ಯಾಕ್ಸನ್ನು ಅಲ್ಲಿಗೆ ಬಳಿಯುತ್ತೀರಿ ಅಷ್ಟೇ. ಹತ್ತಿರ ಬೀಡಿ, ಸಿಗರೇಟು, ದೀಪ ಯಾವುದೂ ಬೇಡ.

ಇಲ್ಲಿಗೆ ಬಹುಪಾಲು ಗಾಡಿ ಮುಗಿಯುತ್ತದೆ. ಮುಂದಿನದು ಗಟ್ಟಿ ಉಳಿದ ಕಡೆಗೆ ಮಾತ್ರ.

6. ಹಟಮಾರಿ ಕಲೆ. ಮೊದಲು ಒಂದು ಸುಲಭದ ಉಪಾಯ: ಅದೇ ಜಾಗಕ್ಕೆ ಹೊಸ ವ್ಯಾಕ್ಸ್ ಸ್ವಲ್ಪ ಹಚ್ಚಿ, ಒಣಗಲು ಬಿಡದೆ ಒದ್ದೆ ಇರುವಾಗಲೇ ಒರೆಸಿ. ಹೊಸ ವ್ಯಾಕ್ಸಿನಲ್ಲಿರುವ ದ್ರಾವಕ ಹಳೆಯದನ್ನು ಕರಗಿಸಿಕೊಂಡು ಬರುತ್ತದೆ. ವ್ಯಾಕ್ಸ್ ತೆಗೆಯೋಕೆ ವ್ಯಾಕ್ಸಾ ಅಂತ ನಗಬೇಡಿ, ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ಟರ್ಪೆಂಟೈನ್. ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಒಳಬದಿಯ ಪೇಂಟಿನ ಮೇಲೆ ಮೊದಲು ಪರೀಕ್ಷೆ ಮಾಡಿ. ಬಟ್ಟೆಗೆ ಬಣ್ಣ ಬರಲಿಲ್ಲ ಅಂದರೆ ಮುಂದುವರಿಸಿ. ಹೊರಗಡೆ ಎಂದಾದರೂ ಪೇಂಟ್ ಮಾಡಿಸಿದ ಭಾಗ ಇದ್ದರೆ ಅದರ ಮೂಲೆಯಲ್ಲೂ ಒಂದು ಸಲ ನೋಡಿ, ಎರಡೂ ಪೇಂಟ್ ಒಂದೇ ಅಲ್ಲ. ಟರ್ಪೆಂಟೈನ್ ಬಟ್ಟೆಗೆ ಹಾಕಿ, ಗಾಡಿ ಮೇಲೆ ಸುರಿಯಬೇಡಿ. ಹಗುರ ಒರೆಸಿ ತಕ್ಷಣ ಆ ಜಾಗ ಶಾಂಪೂ ಹಾಕಿ ತೊಳೆಯಿರಿ. ಹೊಸದಾಗಿ ಪೇಂಟ್ ಮಾಡಿಸಿ ತಿಂಗಳೂ ಆಗಿಲ್ಲ ಅಂದರೆ ಈ ದ್ರಾವಕಗಳ ಸುದ್ದಿಗೇ ಹೋಗಬೇಡಿ.

7. ಕ್ಲೇ. ಕೈಗೆ ತೆಳ್ಳನೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಪೇಂಟ್ ಮೇಲೆ ಮೆಲ್ಲಗೆ ಎಳೆಯಿರಿ. ಬರಿಗೈಗೆ ಗೊತ್ತಾಗದ ಚರಚರ ಆಗ ಗೊತ್ತಾಗುತ್ತದೆ. ನುಣ್ಣಗಿದ್ದರೆ ಕ್ಲೇ ಬೇಡ. ಚರಚರ ಅಂದರೆ ಕ್ಲೇಯನ್ನು ಬಿಲ್ಲೆಯಾಗಿ ತಟ್ಟಿ, ಶಾಂಪೂ ನೀರನ್ನು ಧಾರಾಳ ಹೊಡೆದು, ಮೇಲಿಂದ ಒತ್ತದೆ ಉದ್ದುದ್ದ ಜಾರಿಸಿ. ಕೊಳೆ ಕಂಡಾಗ ಮಡಚಿ ಹೊಸ ಮುಖ ಮಾಡಿಕೊಳ್ಳಿ. ಕೈ ಜಾರಿ ನೆಲಕ್ಕೆ ಬಿದ್ದರೆ ಅದನ್ನು ಎಸೆದುಬಿಡಿ. ಎಷ್ಟೇ ತೊಳೆದರೂ ಅದರೊಳಗೆ ಹೊಕ್ಕ ಮರಳು ಬರಲ್ಲ. ದುಬಾರಿ ಅಂತ ಹೊಟ್ಟೆ ಉರಿಯುತ್ತದೆ, ಆದರೂ ಎಸೆಯಿರಿ. ಕಪ್ಪು ಗಾಡಿಗೆ ಕ್ಲೇ ಹಾಕಿದರೆ ಸಣ್ಣ ಮಬ್ಬುಗೆರೆ ಬರುವುದುಂಟು, ಹಾಗಾಗಿ ಬೇಕಾದ ಕಡೆ ಮಾತ್ರ.

ಸಂದಿ, ಅಕ್ಷರ, ಕಪ್ಪು ಪ್ಲಾಸ್ಟಿಕ್

ಕಣ್ಣಿಗೆ ಹೊಡೆಯುವುದು ಇಲ್ಲಿನ ಬಿಳಿಯೇ. ಡಿಕ್ಕಿ ಮೇಲಿನ ಅಕ್ಷರಗಳ ಸುತ್ತ ಪುಡಿ ಗಟ್ಟಿಯಾಗಿ ಗೋಡೆಯ ಸುಣ್ಣದಂತೆ ಕೂತಿರುತ್ತದೆ. ಪಿನ್, ಬ್ಲೇಡ್ ಹಾಕಿ ಕೆರೆಯುವವರೇ ಜಾಸ್ತಿ. ಪುಡಿಯೇನೋ ಬರುತ್ತದೆ, ಅಕ್ಷರದ ಬುಡದಲ್ಲಿ ಪೇಂಟ್ ಕೂಡ ಸೀಳಿರುತ್ತದೆ. ಅದರ ಬದಲು ಕ್ಲೀನರ್ ಹೊಡೆದು, ಎರಡು ನಿಮಿಷ ಬಿಟ್ಟು, ಟೂತ್‌ಬ್ರಶ್‌ನಲ್ಲಿ ಮೆಲ್ಲಗೆ ಆಡಿಸಿ, ನೀರು ಹಾಯಿಸಿ. ಉಳಿದದ್ದಕ್ಕೆ ಐಸ್‌ಕ್ರೀಮ್ ಕಡ್ಡಿಯ ತುದಿಗೆ ಮೈಕ್ರೋಫೈಬರ್ ಸುತ್ತಿ, ಆಲ್ಕೋಹಾಲ್ ದ್ರಾವಣದಲ್ಲಿ ಅದ್ದಿ, ಸಂದಿಯಲ್ಲಿ ಎಳೆಯಿರಿ.

ಕಪ್ಪು ಪ್ಲಾಸ್ಟಿಕ್ ಒರಟು, ಅದರ ಸಣ್ಣ ಗುಳಿಗಳಲ್ಲಿ ವ್ಯಾಕ್ಸ್ ಹೊಕ್ಕಿರುತ್ತದೆ. ಮಕ್ಕಳ ಬಿಳಿ ಪೆನ್ಸಿಲ್ ರಬ್ಬರ್ ತಗೊಂಡು ಒಣಗಿದ ಪಟ್ಟಿಯ ಮೇಲೆ ಉಜ್ಜಿ. ಬಣ್ಣದ ರಬ್ಬರ್ ಬೇಡ. ಎಷ್ಟೋ ಸಲ ಇಷ್ಟೇ ಸಾಕು. ಹೋಗದಿದ್ದರೆ ಕೂದಲು ಒಣಗಿಸುವ ಡ್ರೈಯರ್‌ನಿಂದ ದೂರದಿಂದ ಬಿಸಿ ಗಾಳಿ ಕೊಟ್ಟು, ಕ್ಲೀನರ್ ಹಾಕಿ ಬ್ರಶ್ ಆಡಿಸಿ. ವ್ಯಾಕ್ಸ್‌ಗಳಲ್ಲೇ ಗಟ್ಟಿಯಾದ ಕಾರ್ನೋಬಾ ಸುಮಾರು 82ರಿಂದ 86 ಡಿಗ್ರಿಯಲ್ಲಿ ಕರಗುತ್ತದೆ. ಅಷ್ಟು ಬಿಸಿ ಮಾಡಲು ಹೋಗಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮೆತ್ತಗಾದರೆ ಸಾಕು.

ಪೂಜೆಯ ಕುಂಕುಮ, ಅರಿಶಿನ ವ್ಯಾಕ್ಸಲ್ಲಿ ಸೇರಿದ್ದರೆ

ಬಾನೆಟ್ ಮೇಲಿನ ಮೂರು ಪಟ್ಟೆ ವಿಭೂತಿ, ನಡುವಿನ ಕುಂಕುಮ ಎರಡು ವಾರ ಬಿಟ್ಟರೆ ವ್ಯಾಕ್ಸಿನ ಜೊತೆ ಅಂಟಿಕೊಳ್ಳುತ್ತದೆ. ಒಣಗಿದ್ದನ್ನು ಬಟ್ಟೆಯಲ್ಲಿ ಒರೆಸಬೇಡಿ, ಪುಡಿ ಗೀರುತ್ತದೆ. ಮೊದಲು ನೀರು. ಆಮೇಲೆ ಆಲ್ಕೋಹಾಲ್ ಹಾಕಿದ ಬಟ್ಟೆಯನ್ನು ಒತ್ತಿ ಎತ್ತಿ, ಒತ್ತಿ ಎತ್ತಿ. ಎಳೆದರೆ ಕೆಂಪು ಬಣ್ಣ ಸುತ್ತಲೂ ಹರಡುತ್ತದೆ. ಬಿಳಿ ಗಾಡಿಯಲ್ಲಿ ಅರಿಶಿನದ ಹಳದಿ ಉಳಿದರೆ ಜಾಸ್ತಿ ತಿಕ್ಕುವ ಅಗತ್ಯ ಇಲ್ಲ. ಅರಿಶಿನದ ಬಣ್ಣ ಬಿಸಿಲಿಗೆ ತಾನೇ ಮಾಸುತ್ತದೆ, ಕೆಲ ದಿನ ಹೊರಗೆ ನಿಲ್ಲಿಸಿ.

ಬೈಕ್, ಸ್ಕೂಟರ್

ಕ್ರಮ ಅದೇ, ಎಚ್ಚರ ಬೇರೆ. ಬ್ರೇಕ್ ಡಿಸ್ಕ್‌ಗೆ ಮೊದಲೇ ಪ್ಲಾಸ್ಟಿಕ್ ಕವರ್ ಕಟ್ಟಿ. ವ್ಯಾಕ್ಸ್, ಟರ್ಪೆಂಟೈನ್ ಹನಿ ಡಿಸ್ಕ್ ಮೇಲೆ ಬಿದ್ದರೆ ಬ್ರೇಕ್ ಹಿಡಿಯಲ್ಲ. ಸೀಟಿಗೆ, ಟಯರಿಗೆ ವ್ಯಾಕ್ಸ್ ತಾಗಿಸಬೇಡಿ. ಟ್ಯಾಂಕ್ ಮೇಲೆ ಅಂಗಡಿಯಲ್ಲಿ ಅಂಟಿಸಿದ ಸ್ಟಿಕ್ಕರ್, ಹೆಸರು, ಆಂಜನೇಯನ ಚಿತ್ರ ಇದ್ದರೆ ದ್ರಾವಕ ಅದರ ಅಂಚಿಗೆ ಹೋಗದಂತೆ ನೋಡಿಕೊಳ್ಳಿ. ಮ್ಯಾಟ್ ಬಣ್ಣದ ಬೈಕಿಗೆ ಯಾರೋ ವ್ಯಾಕ್ಸ್ ಹಚ್ಚಿ ಅಲ್ಲಲ್ಲಿ ಹೊಳೆಯುತ್ತಿದ್ದರೆ ಕ್ಲೀನರ್ ಮತ್ತು ಆಲ್ಕೋಹಾಲ್ ಒರೆತ ಮಾತ್ರ. ಕ್ಲೇ ಮತ್ತು ಪಾಲಿಶ್ ಎರಡೂ ಬೇಡ. ತಿಕ್ಕಿದಷ್ಟೂ ಹೊಳಪು ಬರುತ್ತದೆ, ಮ್ಯಾಟ್ ವಾಪಸ್ ಬರಲ್ಲ.

ತೆಗೆದ ಮೇಲೆ

ಈಗ ಪೇಂಟಿನ ಮೇಲೆ ಏನೂ ಇಲ್ಲ. ಕ್ಯಾನ್ ನೀರಲ್ಲಿ ಜಾಲಿಸಿ, ತಕ್ಷಣ ಒಣಗಿಸಿ, ಸಾಧ್ಯವಾದರೆ ಅದೇ ದಿನ ಹೊಸ ವ್ಯಾಕ್ಸ್ ಹಚ್ಚಿ. ತೆಳುವಾಗಿ. ದಪ್ಪ ಹಚ್ಚಿದರೆ ಹೊಳಪೇನೂ ಜಾಸ್ತಿ ಬರಲ್ಲ, ಒರೆಸುವ ಕಷ್ಟ ಮಾತ್ರ ಜಾಸ್ತಿ. ಬಾನೆಟ್‌ಗೆ ಅಗಲವಾದ ಒಂದು ರೂಪಾಯಿ ನಾಣ್ಯದಷ್ಟು ಸಾಕು. ಪ್ಲಾಸ್ಟಿಕ್ ಪಟ್ಟಿ, ಅಕ್ಷರಗಳ ಮೇಲೆ ಪೇಂಟರ್‌ಗಳ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡರೆ ಬಿಳಿ ಪುಡಿಯ ರಗಳೆಯೇ ಇರಲ್ಲ. ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು, ಬೆರಳು ಎಳೆದು ನೋಡಿ. ಗುರುತು ಸ್ವಚ್ಛವಾಗಿ ಬಂದರೆ ಒರೆಸುವ ಹೊತ್ತು. ಬೆರಳಿಗೆ ಮೆತ್ತಿದರೆ ಇನ್ನೂ ಸ್ವಲ್ಪ ಬಿಡಿ. ಒಂದು ಭಾಗ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಇಡೀ ಗಾಡಿಗೆ ಹಚ್ಚಿ ಕಾಫಿ ಕುಡಿಯಲು ಹೋದರೆ ಮತ್ತೆ ಇದೇ ಕೆಲಸ.

ಬಟ್ಟೆಗಳನ್ನು ಮನೆ ಬಟ್ಟೆ ಜೊತೆ ಸೇರಿಸದೆ ಬೇರೆ ಒಗೆಯಿರಿ. ಕಂಫರ್ಟ್ ಥರದ್ದು ಹಾಕಬೇಡಿ, ಅದು ಎಳೆಗಳಿಗೆ ಮೆತ್ತಿ ಬಟ್ಟೆ ಹೀರುವುದನ್ನೇ ನಿಲ್ಲಿಸುತ್ತದೆ. ಟರ್ಪೆಂಟೈನ್ ಬಟ್ಟೆಯನ್ನು ಗುಡ್ಡೆ ಹಾಕಿ ಒಳಗಿಡದೆ, ಹೊರಗೆ ತಂತಿ ಮೇಲೆ ಹರಡಿ, ವಾಸನೆ ಪೂರ್ತಿ ಹೋದ ಮೇಲೆ ಒಗೆಯಿರಿ.